ಕಲ್ಲಿನ ಮೇಲೆ ದುಂಡಕ್ಷರ: ಹರ್ಮನ್ ಮೊಗ್ಲಿಂಗ್

ಈ ಸಲದ ಸಂಚಿಕೆಯ ತಲೆಬರಹಕ್ಕೆ ಯಾವ ಫಾಂಟ್ ಇಡೋದು ಅಂತ ನಮ್ಮ ಬಳಗದಲ್ಲಿ ಸುಮಾರು ಚರ್ಚೆ ಆಯ್ತು. ನಮಗೆ ಬೇಕಿದ್ದದ್ದು ಇಷ್ಟೇ: ಗೆರೆಗಳೆಲ್ಲ ಒಂದೇ ದಪ್ಪ ಇರಬೇಕು, ತುದಿಗಳು ಗುಂಡಗಿರಬೇಕು, ಮೂಲೆ-ಮೊನೆ ಇರಬಾರದು, ಇಡೀ ಅಕ್ಷರ ಸ್ವಲ್ಪ ಬಲಕ್ಕೆ ವಾಲಿರಬೇಕು. ಫಸ್ಟ್ ಇಯರ್‌ನಲ್ಲಿ ಡ್ರಾಯಿಂಗ್ ಶೀಟ್ ಬರೆದವರಿಗೆಲ್ಲ ಇಂಥ ಅಕ್ಷರ ಕೈಗೆ ಅಂಟಿಕೊಂಡೇ ಇರುತ್ತೆ. ಟೈಟಲ್ ಬ್ಲಾಕಿನಲ್ಲಿ ನೆಟ್ಟಗಾದರೂ ಬರೆಯಬಹುದು, 15 ಡಿಗ್ರಿ ಬಲಕ್ಕೆ ವಾಲಿಸಿಯಾದರೂ ಬರೆಯಬಹುದು ಅನ್ನುವ ಬಿಐಎಸ್ ನಿಯಮ ನಮಗೆ ಕನಸಿನಲ್ಲೂ ಬರುತ್ತೆ. ಆದರೆ ಅದು ಇಂಗ್ಲಿಷ್ ಅಕ್ಷರದ ಮಾತು. ಕನ್ನಡದಲ್ಲಿ?

ನಮ್ಮಲ್ಲಿ ಒಬ್ಬ ಕಡೂರು ತಾಲ್ಲೂಕಿನ ಚೌಳಹಿರಿಯೂರಿನವನು. ಯಾವ ಫಾಂಟ್ ಸಿಕ್ಕಿದರೂ ಮೊದಲು ತನ್ನೂರಿನ ಹೆಸರು ಟೈಪ್ ಮಾಡಿ ನೋಡೋದು ಅವನ ಅಭ್ಯಾಸ. ನೋಡಿ, ಆ ಹೆಸರು ಒಳ್ಳೆಯ ಪರೀಕ್ಷೆಯೇ. ಚೌ, ಳ, ಹಿ, ರಿ, ಯೂ, ರು: ಒಂದು ಅಕ್ಷರದಲ್ಲೂ ನೇರ ಗೆರೆಯ ಕಾಟವಿಲ್ಲ, ಎಲ್ಲವೂ ದುಂಡು. ಒತ್ತಕ್ಷರ ಇಲ್ಲವೇ ಇಲ್ಲ. ಕಂಪ್ಯೂಟರಿನಲ್ಲಿ ಇಟಾಲಿಕ್ ಗುಂಡಿ ಒತ್ತಿದರೂ ಆ ಹೆಸರು ಅಷ್ಟೇನೂ ಕೆಡಲಿಲ್ಲ. ಕಡೂರು, ತರೀಕೆರೆ ಕೂಡ ಪಾರಾದವು. ಅಜ್ಜಂಪುರ ಬಂದಾಗ ಸಿಕ್ಕಿಬಿದ್ದೆವು. ಜಕಾರದ ಒತ್ತು ತನ್ನ ಜಾಗ ಬಿಟ್ಟು ಎಡಕ್ಕೆ ಸರಿದಿತ್ತು, ಸೊನ್ನೆ ಬಿದ್ದುಹೋಗುವ ಮೊಟ್ಟೆಯ ಹಾಗೆ ಕಾಣ್ತಿತ್ತು.

ಕಾರಣ ಲೆಕ್ಕದ್ದೇ. ಕನ್ನಡದ ಹೆಚ್ಚಿನ ಫಾಂಟುಗಳಲ್ಲಿ ಓರೆ ಅಕ್ಷರ ಅಂತ ಬೇರೆ ಬರೆದಿರೋದಿಲ್ಲ. ಸಾಫ್ಟ್‌ವೇರ್ ನೆಟ್ಟಗಿನ ಅಕ್ಷರವನ್ನೇ ಹಿಡಿದು ವಾಲಿಸುತ್ತೆ. ಅಡಿಗೆರೆಯಿಂದ ಒಂದು ಬಿಂದು ಎಷ್ಟು ಎತ್ತರದಲ್ಲಿದೆಯೋ ಅದನ್ನು ಓರೆಕೋನದ ಟ್ಯಾನ್ ಬೆಲೆಯಿಂದ ಗುಣಿಸಿ ಅಷ್ಟು ಬಲಕ್ಕೆ ತಳ್ಳುತ್ತೆ. 15 ಡಿಗ್ರಿಯಾದರೆ ಎತ್ತರದ 0.268ರಷ್ಟು. ಅಡಿಗೆರೆಯ ಕೆಳಗಿರುವ ಬಿಂದುವಿಗೆ ಎತ್ತರ ಋಣ ಸಂಖ್ಯೆ, ಆದ್ದರಿಂದ ಅದು ಎಡಕ್ಕೆ ಹೋಗುತ್ತೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯೋದು ನಾಲ್ಕೈದು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಇಡೀ ಒತ್ತಕ್ಷರದ ಸಂಸಾರವೇ ಅಲ್ಲಿದೆ.

ನಿಜವಾದ ಇಟಾಲಿಕ್ ಹುಟ್ಟಿದ್ದು ಹೀಗೆ ವಾಲಿಸಿ ಅಲ್ಲ. 1501ರಲ್ಲಿ ವೆನಿಸ್ ನಗರದ ಅಲ್ಡಸ್ ಮನೂಷಿಯಸ್ ವರ್ಜಿಲನ ಕಾವ್ಯವನ್ನು ಸಣ್ಣ ಪುಸ್ತಕವಾಗಿ ತಂದಾಗ, ಗ್ರಿಫೊ ಎಂಬ ಕೆತ್ತನೆಗಾರ ಆಗಿನ ವಿದ್ವಾಂಸರು ಸರಸರ ಬರೆಯುತ್ತಿದ್ದ ಕೈಬರಹವನ್ನೇ ಅಚ್ಚುಮೊಳೆಗೆ ಇಳಿಸಿದ. ಅಂದರೆ ಇಟಾಲಿಕ್ ಅನ್ನೋದು ಮೂಲದಲ್ಲಿ ಕೈಬರಹ, ವಾಲಿದ್ದು ಆಮೇಲಿನ ಲಕ್ಷಣ. ಹಾಗಾದರೆ ಕನ್ನಡದ ಕೈಬರಹ ಅಚ್ಚಿಗೆ ಬಂದದ್ದುಂಟಾ ಅಂತ ಹುಡುಕುತ್ತಾ ಹೋದರೆ ನಾವು ಬಂದು ನಿಂತದ್ದು 1843ರ ಮಂಗಳೂರಿನಲ್ಲಿ, ಹರ್ಮನ್ ಮೊಗ್ಲಿಂಗ್ ಎದುರಿಗೆ. ಪ್ರತಿವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಅವರ ಹೆಸರು ಬರುತ್ತೆ, ಹಾರ ಹಾಕುತ್ತೇವೆ, ಮುಗೀತು. ಆ ಮನುಷ್ಯನ ಬದುಕು ಒಂದು ಹಾರಕ್ಕೆ ಮುಗಿಯುವಂಥದ್ದಲ್ಲ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಓದಿನ ದಿನಗಳ ಗೆಳೆಯ ಹರ್ಮನ್ ಗುಂಡರ್ಟ್, ಮುಂದೆ ಮಲಯಾಳಂ ಭಾಷೆಗೆ ನಿಘಂಟು ಕೊಟ್ಟವರು. (ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟ್ ಅವರ ಮೊಮ್ಮಗ.) ಇಬ್ಬರು ಹರ್ಮನ್‌ಗಳೂ ಒಂದೇ ಕರಾವಳಿಗೆ ಬಂದು, ಒಬ್ಬರು ಕನ್ನಡ ಹಿಡಿದರು, ಒಬ್ಬರು ಮಲಯಾಳಂ ಹಿಡಿದರು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮೊಗ್ಲಿಂಗ್ ಎರಡು ವರ್ಷ ತಡವಾಗಿ, 1836ರ ಕೊನೆಗೆ ಬಂದರು. ಆಗ ಅವರಿಗೆ 25 ವರ್ಷ. ಬಂದದ್ದು ಕ್ರೈಸ್ತ ಧರ್ಮ ಹರಡಲಿಕ್ಕೆ, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಕನ್ನಡ ಸೇವೆ ಮಾಡಲು ಬಂದರು ಅಂತ ನಾವು ಭಾಷಣದಲ್ಲಿ ಹೇಳೋದು ಸ್ವಲ್ಪ ಸಿಹಿ ಬೆರೆಸಿದ ಮಾತು. ಆದರೆ ಜನರ ಹತ್ತಿರ ಹೋಗಲು ಭಾಷೆ ಬೇಕು ಅಂತ ಕಲಿಯಲು ಕೂತವರು ಆ ಭಾಷೆಯೊಳಗೇ ಸಿಕ್ಕಿಹಾಕಿಕೊಂಡರು ಅನ್ನೋದು ನಿಜ. ಧಾರವಾಡ, ಹುಬ್ಬಳ್ಳಿ ಕಡೆ ಓಡಾಡಿದರು, ಮತ್ತೆ ಮಂಗಳೂರಿಗೆ ಬಂದು ಶಾಲೆಯ ಹುಡುಗರ ಜೊತೆ ನೆಲೆನಿಂತರು.

ಅವರು ಕಲಿತ ಕನ್ನಡದ ಅಕ್ಷರ ನಾವು ಇವತ್ತು ನೋಡುವ ಹಾಗೆ ಒಂದೇ ಥರ ಇರಲಿಲ್ಲ. ಕಾವ್ಯ, ಪುರಾಣ ತಾಳೆಗರಿಯಲ್ಲಿ ಇರ್ತಿತ್ತು. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಗೀಚಿ ಮಸಿ ಬಳಿದರೆ ಅಕ್ಷರ ಎದ್ದು ಕಾಣುತ್ತೆ. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತೆ, ಅದಕ್ಕೇ ನಮ್ಮ ಲಿಪಿ ದುಂಡಗಾಯ್ತು ಅಂತ ಹೇಳ್ತಾರೆ. ಪದ ಪದದ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ, ಸಾಲು ಒಂದೇ ಸರಪಳಿ. ಶ್ಯಾನುಭೋಗರ ಲೆಕ್ಕಪತ್ರ ಕಪ್ಪು ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದ ಮೋಡಿ ಅಕ್ಷರದಲ್ಲಿ ಇರ್ತಿತ್ತು. ಮೋಡಿ ಅಂದರೆ ಕೈ ಎತ್ತದೆ, ಒಂದಕ್ಕೊಂದು ಕೊಂಡಿ ಹಾಕಿ ಓಡಿಸುವ ಬರಹ. ಅಭ್ಯಾಸ ಇಲ್ಲದವರು ಅದನ್ನು ಓದೋದು ಕಷ್ಟ. ಇವೆರಡರ ನಡುವೆ, ಶಾಲೆ ಮೇಷ್ಟ್ರು ಮುತ್ತು ಪೋಣಿಸಿದ ಹಾಗೆ ಬರೆಸುವ ದುಂಡಕ್ಷರ. ಓಡುವ ಮೋಡಿಯೂ ನಿಂತ ದುಂಡಕ್ಷರವೂ ನಮ್ಮಲ್ಲಿ ಮೊದಲೇ ಇದ್ದವು ಅನ್ನೋದನ್ನು ನೆನಪಿಡಿ. ರೋಮನ್ ಮತ್ತು ಇಟಾಲಿಕ್ ಅಂತ ಯೂರೋಪಿನವರು ಅಚ್ಚಿನಲ್ಲಿ ಇಟ್ಟುಕೊಂಡ ಜೋಡಿ ನಮ್ಮ ಕೈಬರಹದಲ್ಲಿ ಬೇರೆ ಹೆಸರಿನಿಂದ ಇತ್ತು. ಅಚ್ಚಿಗೆ ಬರುವಾಗ ಮೋಡಿ ಹಿಂದೆ ಉಳಿಯಿತು.

ಅಚ್ಚಿನ ಕನ್ನಡವೂ ಆಗಲೇ ಶುರುವಾಗಿತ್ತು, ಆದರೆ ದೂರದ ಊರುಗಳಲ್ಲಿ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಮದರಾಸಿನಲ್ಲಿ ವ್ಯಾಕರಣ, ನಿಘಂಟು ಬಂದವು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಮುದ್ರಣಾಲಯ ನಡೆಸ್ತಿದ್ದರು. ಸೀಸದ ಮೊಳೆ ಮಾಡೋದು ಅಂದರೆ ಮೆಕ್ಯಾನಿಕಲ್‌ನವರಿಗೆ ಖುಷಿ ಕೊಡುವ ಕೆಲಸ. ಗಟ್ಟಿ ಉಕ್ಕಿನ ತುದಿಯಲ್ಲಿ ಅಕ್ಷರವನ್ನು ಉಲ್ಟಾ ಕೆತ್ತಬೇಕು, ಅದನ್ನು ತಾಮ್ರಕ್ಕೆ ಹೊಡೆದು ಗುಳಿ ಮಾಡಬೇಕು, ಆ ಗುಳಿಗೆ ಕರಗಿದ ಸೀಸದ ಮಿಶ್ರಲೋಹ ಹೊಯ್ಯಬೇಕು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ನೂರರ ಆಸುಪಾಸು. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೆ ಹನ್ನೆರಡು-ಹದಿಮೂರು ಗುಣಿತ ಅಂದರೂ ನಾನೂರು ದಾಟಿತು. ಒತ್ತಕ್ಷರ ಬೇರೆ. ತಲೆಕಟ್ಟು, ಗುಡಿಸು, ದೀರ್ಘ, ಒತ್ತು ಅಂತ ತುಂಡು ತುಂಡು ಮಾಡಿ ಜೋಡಿಸಿದರೆ ಮೊಳೆ ಕಡಿಮೆಯಾಗುತ್ತೆ, ಆದರೆ ಕೂಡಿದ ಕಡೆ ಸಂದಿ ಕಾಣುತ್ತೆ. ಇಷ್ಟು ಕಷ್ಟಪಟ್ಟು ಒಂದು ಅಳತೆಯ ನೆಟ್ಟಗಿನ ಅಕ್ಷರ ಮಾಡೋದೇ ದೊಡ್ಡದು. ಅದರ ಮೇಲೆ ಓರೆ ಅಕ್ಷರದ ಇನ್ನೊಂದು ಪೂರ್ತಿ ಸೆಟ್ ಯಾರು ಕೆತ್ತುತ್ತಾರೆ? ಇಂಗ್ಲಿಷಿನವರು ಪುಸ್ತಕದ ಹೆಸರಿಗೆ, ಪರಭಾಷೆಯ ಪದಕ್ಕೆ, ಒತ್ತಿ ಹೇಳುವ ಮಾತಿಗೆ ಇಟಾಲಿಕ್ ಬಳಸುವ ಕಡೆಯಲ್ಲಿ ನಾವು ದಪ್ಪಕ್ಷರಕ್ಕೋ ಉದ್ಧರಣ ಚಿಹ್ನೆಗೋ ಹೊಂದಿಕೊಂಡದ್ದಕ್ಕೆ ಈ ಖರ್ಚೂ ಒಂದು ಕಾರಣ ಅಂತ ನಮಗನಿಸುತ್ತೆ.

ಮಂಗಳೂರಿನ ಮಿಷನ್ ಹತ್ತಿರ ಆಗ ಮೊಳೆ ಇರಲಿಲ್ಲ. 1841ರಲ್ಲಿ ಅಲ್ಲಿಗೆ ಬಂದದ್ದು ಕಲ್ಲಚ್ಚು, ಅಂದರೆ ಲಿಥೋಗ್ರಫಿ. ಇದರ ಹಿಂದೆ ದುಡಿದವರು ಮೊಗ್ಲಿಂಗ್ ಅವರ ಬಂಧುವೂ ಜೊತೆಗಾರರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ. ಕಲ್ಲಚ್ಚಿನ ತತ್ವ ಎಷ್ಟು ಸರಳ ಅಂದರೆ ಕೇಳಿದವರಿಗೆ ನಂಬಿಕೆ ಬರೋದಿಲ್ಲ. ಎಣ್ಣೆ ಮತ್ತು ನೀರು ಬೆರೆಯೋದಿಲ್ಲ, ಅಷ್ಟೇ. ಬವೇರಿಯಾದ ಸೆನೆಫೆಲ್ಡರ್ ಇದನ್ನು 1796ರ ಸುಮಾರಿಗೆ ಕಂಡುಹಿಡಿದ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿದರೆ ಬರೆಯದ ಜಾಗ ನೀರು ಹಿಡಿದುಕೊಳ್ಳುತ್ತೆ, ಬರೆದ ಜಾಗ ನೀರನ್ನು ತಳ್ಳುತ್ತೆ. ಆಮೇಲೆ ಜಿಡ್ಡಿನ ಶಾಯಿ ಸವರಿದರೆ ಅದು ಬರಹಕ್ಕೆ ಮಾತ್ರ ಅಂಟುತ್ತೆ. ಕಾಗದ ಒತ್ತಿ ತೆಗೆದರೆ ಪುಟ ಸಿದ್ಧ. ಕಲ್ಲಿನ ಮೇಲೆ ಉಲ್ಟಾ ಬರೆಯುವ ಕಷ್ಟ ಬೇಡ ಅಂದರೆ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿಗೆ ವರ್ಗಾಯಿಸಬಹುದು.

ಇಲ್ಲಿ ಮೊಳೆ ಬೇಡ, ಕೆತ್ತನೆಗಾರ ಬೇಡ. ಒಳ್ಳೆ ಅಕ್ಷರ ಬರೆಯುವ ಒಬ್ಬ ಬರಹಗಾರ ಸಾಕು. ಒತ್ತು ಎಲ್ಲಿ ಕೂರಬೇಕು, ಕೊಂಬು ಎಷ್ಟು ಎತ್ತರ ಇರಬೇಕು ಅನ್ನೋದನ್ನು ಅವನ ಕೈಯೇ ನೋಡಿಕೊಳ್ಳುತ್ತೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಅಕ್ಷರ ಸ್ವಲ್ಪ ಇಕ್ಕಟ್ಟಾಗುತ್ತೆ, ಪದದ ಓಟಕ್ಕೆ ತಕ್ಕಂತೆ ಬಳುಕುತ್ತೆ. ನಾವು ಇಟಾಲಿಕ್ ಗುಂಡಿಯಲ್ಲಿ ಹುಡುಕುತ್ತಿದ್ದ ಬಳುಕು ಇದೇ, ಟ್ಯಾನ್ ಬೆಲೆಗೆ ಸಿಗದ್ದು.

1843ರ ಜುಲೈ 1ರಂದು ಈ ಕಲ್ಲಿನಿಂದ ಎದ್ದು ಬಂದದ್ದು ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಸಂಪಾದಕರು ಮೊಗ್ಲಿಂಗ್. ಒಳಗೆ ಊರಿನ ಸುದ್ದಿ, ಕಂಪನಿ ಸರಕಾರದ ಹುಕುಂ, ದೂರದೇಶಗಳ ವರ್ತಮಾನ, ಕತೆ, ಗಾದೆ, ದಾಸರ ಪದ. ಪಾದ್ರಿಯ ಪತ್ರಿಕೆಯಲ್ಲಿ ಪುರಂದರದಾಸರು ಇದ್ದರು ಅನ್ನೋದನ್ನು ಒಂದು ಕ್ಷಣ ನಿಂತು ಯೋಚಿಸಬೇಕು. ಬರೀ ಬೋಧನೆ ಹಂಚುವ ಕರಪತ್ರ ಆಗಿದ್ದರೆ ಅದಕ್ಕೆ ಅಲ್ಲಿ ಜಾಗ ಇರ್ತಿರಲಿಲ್ಲ. ಓದುಗ ಎಲ್ಲಿ ನಿಂತಿದ್ದಾನೋ ಅಲ್ಲಿಗೇ ಹೋಗಬೇಕು ಅನ್ನುವ ಪತ್ರಕರ್ತನ ಬುದ್ಧಿ ಮೊಗ್ಲಿಂಗರಿಗೆ ಆಗಲೇ ಇತ್ತು. ಅಕ್ಷರದ ವಿಷಯದಲ್ಲೂ ಹಾಗೇ ಆಯ್ತು. ಅಚ್ಚಾದ ಹಾಳೆಯನ್ನೇ ನೋಡಿರದ ಒಬ್ಬ ಅಂಗಡಿಯವನಿಗೆ ಆ ಪತ್ರಿಕೆ ಯಾರೋ ಬರೆದ ಕಾಗದದ ಹಾಗೆ ಕಂಡಿರಬೇಕು. ಅವನು ಹೊಸ ಅಕ್ಷರ ಕಲಿಯಬೇಕಾಗಿರಲಿಲ್ಲ.

ಆದರೆ ಕಲ್ಲಚ್ಚಿಗೆ ಅದರದ್ದೇ ತೊಂದರೆ. ಪ್ರತಿ ಹಾಳೆಗೂ ಕಲ್ಲು ಒದ್ದೆ ಮಾಡಬೇಕು, ಶಾಯಿ ಸವರಬೇಕು. ನೀರು ಕಡಿಮೆಯಾದರೆ ಅಕ್ಷರ ಊದಿಕೊಳ್ಳುತ್ತೆ, ಹೆಚ್ಚಾದರೆ ಮಂಕಾಗುತ್ತೆ. ಸಣ್ಣ ಅಕ್ಷರದ ಹೊಟ್ಟೆಯಲ್ಲಿ ಶಾಯಿ ತುಂಬಿಕೊಂಡರೆ ದುಂಡಕ್ಷರದ ಕತೆ ಮುಗೀತು. ಕನ್ನಡದಲ್ಲಿ ಪ, ಷ, ಫ ನಡುವಿನ ವ್ಯತ್ಯಾಸ ಇರೋದೇ ಆ ಹೊಟ್ಟೆಯೊಳಗಿನ ಒಂದು ಗೀಟಿನಲ್ಲಿ. ನಾಲ್ಕು ಪುಟದಲ್ಲಿ ಹೆಚ್ಚು ಸುದ್ದಿ ತುಂಬಬೇಕು ಅಂದರೆ ಅಕ್ಷರ ಸಣ್ಣದಾಗಲೇಬೇಕು, ಸಣ್ಣದಾದರೆ ಸ್ಪಷ್ಟವಾಗಿ ಬರೋದಿಲ್ಲ. ಮಂಗಳೂರಿನ ಕೊನೆಯ ಸಂಚಿಕೆ 1844ರ ಫೆಬ್ರವರಿ ಮಧ್ಯದಲ್ಲಿ ಬಂತು. ಮಾರ್ಚಿನಿಂದ ಪತ್ರಿಕೆ ಬಳ್ಳಾರಿಯ ಮುದ್ರಣಾಲಯಕ್ಕೆ ಹೋಯಿತು, ಅಚ್ಚುಮೊಳೆಗೆ ಹತ್ತಿತು, ಹೆಸರೂ ಕನ್ನಡ ಸಮಾಚಾರ ಅಂತ ಆಯ್ತು. ಹೆಸರು ಒಂದು ಊರಿನಿಂದ ಇಡೀ ನುಡಿಗೆ ಬೆಳೆಯಿತು. ಓದಲು ಸಲೀಸಾಯ್ತು ಅನ್ನೋದರಲ್ಲಿ ಅನುಮಾನವಿಲ್ಲ, ನಾವು ಆಗ ಚಂದಾದಾರರಾಗಿದ್ದರೆ ಬಳ್ಳಾರಿಯದ್ದನ್ನೇ ಕೇಳ್ತಿದ್ದೆವು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದರೆ, ಎಂಟು ತಿಂಗಳು ಬದುಕಿದ ಆ ಕಲ್ಲಿನ ಅಕ್ಷರವೇ ಕನ್ನಡ ಪತ್ರಿಕೋದ್ಯಮದ ಒಂದೇ ಒಂದು ನಿಜವಾದ ಇಟಾಲಿಕ್ ಅಂತ ನಮ್ಮ ಬಳಗದ ತೀರ್ಮಾನ. ವಾಲಿತ್ತೋ ಬಿಟ್ಟಿತ್ತೋ, ಗ್ರಿಫೊ ಮಾಡಿದ್ದೂ ಇದನ್ನೇ.

ಅದೇ ಸಮಯಕ್ಕೆ ಇನ್ನೊಂದು ಬಿರುಗಾಳಿ ಎದ್ದಿತ್ತು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಮೂವರೂ ಮಿಷನ್ ಶಾಲೆಯ ನಂಟಿನವರು. ಊರು ಹೊತ್ತಿ ಉರಿದಂತಾಯ್ತು. ಮಕ್ಕಳನ್ನು ಓದಲು ಕಳಿಸಿದ ತಂದೆತಾಯಿಗೆ ಇದು ಎಂಥ ಏಟು ಅನ್ನೋದು ಊಹಿಸೋದು ಕಷ್ಟವಲ್ಲ. ಒಂದು ದುಡ್ಡಿಗೆ ಸುದ್ದಿ ಕೊಡುವ ಕೈ, ಹುಡುಗರನ್ನು ಕರೆದುಕೊಂಡು ಹೋಗುವ ಕೈ ಎರಡೂ ಒಂದೇ ಅಂತ ಜನರಿಗೆ ಅನಿಸಿದ್ದರೆ ತಪ್ಪೇನಿಲ್ಲ. ಮೊಗ್ಲಿಂಗ್ ಮಾತ್ರ ಹಿಂಜರಿಯಲಿಲ್ಲ. 1846ರಲ್ಲಿ ಆನಂದರಾವ್ ಅವರನ್ನು ಜೊತೆಗೆ ಕರೆದುಕೊಂಡೇ ಯೂರೋಪಿಗೆ ಹೋದರು. ಆ ತರುಣ ಬಾಸೆಲ್‌ನಲ್ಲಿ ಓದಿ, ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಲ್ಲಿ ಪಾದ್ರಿಯಾಗಿ 1851ರಲ್ಲಿ ಊರಿಗೆ ಮರಳಿದರು. ಮೊಗ್ಲಿಂಗ್ ಅದಕ್ಕೂ ಮೊದಲೇ ವಾಪಸ್ ಬಂದು ಮಂಗಳೂರಿನ ಸೆಮಿನರಿಯ ಹೊಣೆ ಹೊತ್ತಿದ್ದರು. ಗುಂಡರ್ಟ್ ಅತ್ತ ತಲಶ್ಶೇರಿಯಲ್ಲಿ 1847ರಲ್ಲಿ ಕಲ್ಲಚ್ಚಿನಲ್ಲೇ ಮಲಯಾಳಂನ ಮೊದಲ ಪತ್ರಿಕೆ ರಾಜ್ಯಸಮಾಚಾರಂ ತಂದರು. ಗೆಳೆಯರ ನಡುವೆ ಕಾಪಿ ಹೊಡೆಯೋದು ಆಗಲೂ ಇತ್ತು ಅನ್ನಿ.

ಮೊಗ್ಲಿಂಗ್ ಬದುಕಿನ ಅತ್ಯಂತ ಫಲವತ್ತಾದ ವರ್ಷಗಳು ಇಲ್ಲಿಂದ ಶುರು. ನಮ್ಮ ಚೌಳಹಿರಿಯೂರಿನ ಗೆಳೆಯನ ಕಿವಿ ನೆಟ್ಟಗಾಗಿದ್ದೂ ಇಲ್ಲೇ.

ಕಾಸಾಮೇಜರ್ ಎಂಬ ನಿವೃತ್ತ ಬ್ರಿಟಿಷ್ ಅಧಿಕಾರಿಯ ಹಣಸಹಾಯದಿಂದ ಮೊಗ್ಲಿಂಗ್ ಹಳೆಯ ಕನ್ನಡ ಕೃತಿಗಳನ್ನು ಸಾಲಾಗಿ ಅಚ್ಚು ಹಾಕಿಸಲು ಹೊರಟರು. ಮಾಲೆಯ ಹೆಸರು ಬಿಬ್ಲಿಯೋಥೆಕಾ ಕರ್ನಾಟಿಕಾ. 1848ರ ಸುಮಾರಿಗೆ ಶುರುವಾಗಿ ಐದಾರು ವರ್ಷ ನಡೆಯಿತು. ಬಸವಪುರಾಣ, ಚೆನ್ನಬಸವಪುರಾಣ, ಕುಮಾರವ್ಯಾಸನ ಭಾರತದ ಪರ್ವಗಳು, ತೊರವೆ ರಾಮಾಯಣ, ಯಕ್ಷಗಾನದ ಪ್ರಸಂಗ, ಗಾದೆಗಳು, ದಾಸರ ಪದಗಳು ಬಂದವು. ಆ ಸಾಲಿನಲ್ಲಿ ಜೈಮಿನಿ ಭಾರತವೂ ಇತ್ತು. ಅದರ ಕವಿ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ನಮ್ಮ ಕಡೆ ಜಗಲಿಯ ಮೇಲೆ ಕೂತು ಜೈಮಿನಿ ಓದಿಸುವುದು, ಅರ್ಥ ಹೇಳಿಸುವುದು ಅಂದರೆ ಊರಿಗೆ ಊರೇ ಸೇರುತ್ತಿದ್ದ ಕಾಲ ಇತ್ತು ಅಂತ ಹಿರಿಯರು ಈಗಲೂ ಹೇಳ್ತಾರೆ. ಆ ಬಯಲುಸೀಮೆಯ ಕಾವ್ಯ ಘಟ್ಟ ಇಳಿದು ಹೋಗಿ, ಮಂಗಳೂರಿನ ಕಲ್ಲಿನ ಮೇಲೆ ಕೂತು, ಪುಸ್ತಕವಾಯ್ತು.

ಇದು ಎಂಥ ಕೆಲಸ ಅಂತ ಲೆಕ್ಕ ಹಾಕಿ ನೋಡೋಣ. ಜೈಮಿನಿ ಭಾರತದಲ್ಲಿ 34 ಸಂಧಿ, 1900ಕ್ಕೂ ಹೆಚ್ಚು ಪದ್ಯ. ವಾರ್ಧಕ ಷಟ್ಪದಿ, ಪದ್ಯಕ್ಕೆ ಆರು ಸಾಲು. ಹನ್ನೊಂದು ಸಾವಿರ ಸಾಲು ದಾಟಿತು. ಮೊದಲು ತಾಳೆಗರಿ ಹುಡುಕಬೇಕು. ಒಂದು ಪ್ರತಿಯಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇರೋದಿಲ್ಲ, ಪಂಡಿತರನ್ನು ಕೂರಿಸಿ ಪಾಠ ಗೊತ್ತುಮಾಡಬೇಕು. ಆಮೇಲೆ ಅಷ್ಟನ್ನೂ ಒಂದೇ ಹದದ ದುಂಡಕ್ಷರದಲ್ಲಿ ಕೈಯಿಂದ ಬರೆಯಬೇಕು. ಬರೆದದ್ದನ್ನು ಕಲ್ಲಿಗೆ ಹತ್ತಿಸಬೇಕು. ಒಂದು ಪುಟ ಮುಗಿದ ಮೇಲೆ ಕಲ್ಲನ್ನು ಉಜ್ಜಿ ನುಣುಪು ಮಾಡಿ ಮುಂದಿನ ಪುಟ. ಮೊಳೆಯಾದರೆ ಬಿಚ್ಚಿ ಮತ್ತೆ ಜೋಡಿಸಬಹುದು, ಇಲ್ಲಿ ಪ್ರತಿ ಅಕ್ಷರವೂ ಒಮ್ಮೆ ಮಾತ್ರ ಹುಟ್ಟುತ್ತೆ. ಈ ಬರಹಗಾರರ ಹೆಸರು ಪತ್ರಿಕಾ ದಿನಾಚರಣೆಯ ಯಾವ ವೇದಿಕೆಯಲ್ಲೂ ನಾವು ಕೇಳಿಲ್ಲ. ಮೊಗ್ಲಿಂಗರಿಗೆ ಹಾಕುವ ಹಾರದಲ್ಲಿ ಒಂದು ಎಳೆಯಾದರೂ ಅವರಿಗೆ ಸಲ್ಲಬೇಕು.

ದಾಸರ ಪದಗಳದ್ದು ಇನ್ನೊಂದು ದೊಡ್ಡ ಕತೆ. ಬಾಯಿಂದ ಬಾಯಿಗೆ ಹೋಗುತ್ತಿದ್ದ, ಭಜನೆ ಮನೆಯಲ್ಲಿ ಉಳಿದಿದ್ದ ಪದಗಳನ್ನು ಕಲೆಹಾಕಿ 1850ರಲ್ಲಿ ಪುಸ್ತಕ ಮಾಡಿದರು. ಹರಿದಾಸರ ಹಾಡುಗಳು ಹೀಗೆ ಒಟ್ಟಾಗಿ ಅಚ್ಚು ಕಂಡದ್ದು ಒಬ್ಬ ಜರ್ಮನ್ ಪಾದ್ರಿಯ ಕೈಯಲ್ಲಿ. ಅವರು ಆ ಪದಗಳನ್ನು ಮೆಚ್ಚಿದ್ದರೋ, ಜನರ ಮನಸ್ಸು ಅರಿಯಲು ಬಳಸಿದರೋ ಅನ್ನುವ ಪ್ರಶ್ನೆ ನಮ್ಮ ಚರ್ಚೆಯಲ್ಲಿ ಎದ್ದಿತು. ಎರಡೂ ಇದ್ದಿರಬಹುದು. ಬರೀ ತಿಳಿಯಲಿಕ್ಕಾದರೆ ಒಂದು ಟಿಪ್ಪಣಿ ಸಾಕಿತ್ತು. ಸಾವಿರಗಟ್ಟಲೆ ಸಾಲು ಕಲ್ಲಿಗೆ ಹತ್ತಿಸುವವರು ಆ ಸಾಲುಗಳ ಜೊತೆ ವರ್ಷಗಟ್ಟಲೆ ಇರಬೇಕಾಗುತ್ತೆ.

ಐವತ್ತರ ದಶಕದಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯಕ್ಕೂ ಅಚ್ಚುಮೊಳೆ ಬಂತು. ಕಲ್ಲಚ್ಚು ನಿಧಾನವಾಗಿ ಹಿಂದೆ ಸರಿಯಿತು. ಮೊಗ್ಲಿಂಗ್ ಕೂಡ ಅದೇ ಹೊತ್ತಿಗೆ ಮಂಗಳೂರು ಬಿಟ್ಟರು. ಸೋಮಯ್ಯ ಎಂಬ ಕೊಡವರೊಬ್ಬರು ಅವರನ್ನು ಹುಡುಕಿಕೊಂಡು ಬಂದದ್ದೇ ನೆಪವಾಗಿ ಕೊಡಗಿಗೆ ಹೋದರು, ಮಿಷನ್ನಿನ ಸಾಮಾನ್ಯ ಏರ್ಪಾಟಿನಿಂದ ಸ್ವಲ್ಪ ಹೊರಗೇ ನಿಂತು ಕೆಲಸ ಮಾಡಿದರು. ಹೇಳಿದಲ್ಲಿ ಕೂರುವ ಜಾಯಮಾನ ಅವರದ್ದಲ್ಲ. ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಕೂರ್ಗ್ ಮೆಮೊಯರ್ಸ್ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಸಿದ್ದಾಪುರದ ಹತ್ತಿರ ಆನಂದಪುರ ಎಂಬ ಹಳ್ಳಿ ಕಟ್ಟಿ, ಜಮೀನಿಲ್ಲದೆ ದುಡಿಯುತ್ತಿದ್ದ ಕೆಳಜಾತಿಯ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದ್ದು ಅದೇ ವರ್ಷಗಳಲ್ಲಿ.

1855ರಲ್ಲಿ ವೈಗ್ಲೆ ತೀರಿಕೊಂಡರು. ಕಲ್ಲಚ್ಚಿನಿಂದ ಬೈಬಲ್ ಪರಿಷ್ಕರಣೆವರೆಗೆ ಜೊತೆಗಿದ್ದವರು. ಅವರ ಪತ್ನಿ ಪೌಲೀನಾ ಅವರನ್ನು ಮೊಗ್ಲಿಂಗ್ ಮದುವೆಯಾದರು, ಮಕ್ಕಳಿಗೆ ತಂದೆಯಾದರು. ನಲವತ್ತೈದರ ಆಸುಪಾಸಿನವರೆಗೂ ಒಂಟಿಯಾಗಿದ್ದವರಿಗೆ ಒಮ್ಮೆಗೇ ತುಂಬಿದ ಮನೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ ಸಂದ ಮೊದಲ ಡಾಕ್ಟರೇಟ್ ಅಂತ ಅದನ್ನು ಎಣಿಸ್ತಾರೆ, ಮತ್ತು ಅದು ಸಂದದ್ದು ಕನ್ನಡದಲ್ಲಿ ಒಂದು ಅಕ್ಷರವೂ ಕೇಳದ ಊರಿನಲ್ಲಿ!

1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಸಂಸಾರ ಜರ್ಮನಿಗೆ ಹೊರಟಿತು. ಮತ್ತೆ ಬರಬೇಕು ಅನ್ನುವ ಆಸೆ ಈಡೇರಲಿಲ್ಲ. ಇಪ್ಪತ್ನಾಲ್ಕು ವರ್ಷ ಈ ನೆಲದಲ್ಲಿ ಕಳೆದವರು ಉಳಿದ ಇಪ್ಪತ್ತೊಂದು ವರ್ಷ ಅಲ್ಲಿ ಕೂತು ಕನ್ನಡವನ್ನೇ ಮಾಡಿದರು. ದಾಸರ ಪದಗಳನ್ನು, ಜೈಮಿನಿ ಭಾರತದ ಭಾಗಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ಪೌರ್ವಾತ್ಯ ವಿದ್ವಾಂಸರ ನಿಯತಕಾಲಿಕದಲ್ಲಿ ಪ್ರಕಟಿಸಿದರು. ದೇವನೂರಿನ ಲಕ್ಷ್ಮೀಶ ಮಂಗಳೂರು ದಾಟಿ ಲೈಪ್‌ಜಿಗ್‌ವರೆಗೂ ಹೋದ ದಾರಿ ಇದು. ಕನ್ನಡಕ್ಕೊಂದು ದೊಡ್ಡ ನಿಘಂಟು ಬೇಕೇ ಬೇಕು ಅಂತ ಬೆನ್ನುಹತ್ತಿದವರಲ್ಲೂ ಅವರಿದ್ದರು. ಆ ಹೊರೆ ಹೊತ್ತದ್ದು ಫರ್ಡಿನೆಂಡ್ ಕಿಟೆಲ್.

1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ಮೊಗ್ಲಿಂಗ್ ತೀರಿಕೊಂಡರು. ಎಪ್ಪತ್ತು ತುಂಬಲು ಹತ್ತೊಂಬತ್ತು ದಿನ ಬಾಕಿ ಇತ್ತು. ಸುಮಾರು 70,000 ಪದಗಳ ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಎಲ್ಲವೂ ಸೀಸದ ಮೊಳೆ, ಎಲ್ಲ ಕನ್ನಡ ಅಕ್ಷರವೂ ನೆಟ್ಟಗೆ. ನಮ್ಮ ತಲೆಬರಹಕ್ಕೆ ಕೊನೆಗೆ ಫಾಂಟ್ ಹಾಕಲಿಲ್ಲ. ಬಳಗದಲ್ಲಿ ಅಕ್ಷರ ಚೆನ್ನಾಗಿರುವ ಒಬ್ಬಳ ಕೈಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಹಾಕಿದ್ದೇವೆ. ಒತ್ತುಗಳು ಅವುಗಳ ಜಾಗದಲ್ಲೇ ಇವೆ.